ಮೊದಲ ಅರ್ಥಕ್ಕೆ ಯಾವ ಪಾತ್ರ?

ಆಗುಂಬೆಯಲ್ಲಿ, ಹುಲಿಕಲ್ಲಿನಲ್ಲಿ ಮಳೆ ಹಿಡಿದುಕೊಳ್ಳುವ ಹೊತ್ತಿಗೆ ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿಟ್ಟಿರುತ್ತವೆ. ಅಲ್ಲಿಂದ ತಾಳಮದ್ದಳೆಯ ಕಾಲ: ಭಾಗವತರು ಯಕ್ಷಗಾನದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಅದಕ್ಕೆ ಮಾತು ಕಟ್ಟುತ್ತಾರೆ, ಆ ಮಾತೇ ಅರ್ಥ. ಸಾಗರ, ಹೊಸನಗರ, ತೀರ್ಥಹಳ್ಳಿಯ ಊರುಗಳಲ್ಲಿ ದೇವಸ್ಥಾನದ ಪೌಳಿಯಲ್ಲೋ, ಸಭಾಭವನದಲ್ಲೋ, ತೋಟದ ಮನೆಯೊಂದರ ಜಗಲಿಯಲ್ಲೋ ಕೂಟ ಕೂರುತ್ತದೆ. ವರ್ಷಗಟ್ಟಲೆ ಎದುರಿನ ಸಾಲಿನಲ್ಲಿ ಕೂತು ಕೇಳಿದ ಹುಡುಗನಿಗೋ ಹುಡುಗಿಗೋ ಸಂಘದ ಹಿರಿಯರು ಒಂದು ದಿನ ಹೇಳುತ್ತಾರೆ: "ಈ ಸಲ ನೀನೂ ಒಂದು ಅರ್ಥ ಹೇಳು ಮಾರಾಯ. ಯಾವ ಪಾತ್ರ ಆಗ್ತದೆ ನೋಡು." ಹೀಗೆ ಕರೆ ಬಂದವರು ಪಾತ್ರ ಆರಿಸಿಕೊಳ್ಳುವುದು ಹೇಗೆ ಎಂಬುದು ಇಲ್ಲಿಯ ವಿಷಯ.

ಆಟದ ಮೇಳದಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಹೊಸಬನ ದಾರಿ ಮೊದಲೇ ಹಾಕಿಟ್ಟಿದೆ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿ, ಬಾಲಗೋಪಾಲನಾಗು, ಪೀಠಿಕೆ ಸ್ತ್ರೀವೇಷ ಮಾಡು, ಆಮೇಲೆ ನಿನ್ನ ಎತ್ತರ, ಮುಖ, ಕಂಠ ನೋಡಿ ಪುಂಡುವೇಷವೋ, ಬಣ್ಣದ ವೇಷವೋ, ಹಾಸ್ಯವೋ ಎಂದು ಯಜಮಾನರು, ಭಾಗವತರು ತೀರ್ಮಾನಿಸುತ್ತಾರೆ. ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಹೆಜ್ಜೆಯಿಲ್ಲ. ಪಂಚೆ ಉಟ್ಟು ಶಲ್ಯ ಹೊದ್ದು ಕೂತವನು ಮಾತಿನಿಂದಲೇ ಕರ್ಣನಾಗಬೇಕು. ಇಪ್ಪತ್ತರ ಹುಡುಗ ಭೀಷ್ಮನಾಗಬಹುದು, ಎಪ್ಪತ್ತರ ಅಜ್ಜ ಅಭಿಮನ್ಯುವಾಗಬಹುದು. ಇಷ್ಟು ಸ್ವಾತಂತ್ರ್ಯ ಇರುವುದರಿಂದಲೇ ಮೊದಲ ಆಯ್ಕೆ ಕಷ್ಟವಾಗುತ್ತದೆ.

ಬಳ್ಳಾರಿ ಸೀಮೆಯ ಕುರುಗೋಡು ಸೋಮಸಮುದ್ರದ 1556ರ ಶಾಸನದಲ್ಲಿ ತಾಳಮದ್ದಳೆಗೆಂದು ಭೂಮಿ ಬಿಟ್ಟ ಉಲ್ಲೇಖವಿದೆ. ಅಷ್ಟು ಹಳೆಯ ಕಲೆಗೆ ಇಂದಿನ ಹುಡುಗರು ಬೇರೆ ದಾರಿಯಿಂದಲೂ ಹತ್ತಿರ ಬರಬಹುದು. ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದರು. ಒಬ್ಬ ಸೂತ್ರಧಾರ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ದಾಳ ಉರುಳಿಸಿ ಗೆಲುವು ಸೋಲು ನೋಡುತ್ತಾರೆ. ಮೊದಲು ಅದರಲ್ಲಿ ಯೋಧ, ಮಂತ್ರವಾದಿ, ಪುರೋಹಿತ ಎಂಬ ಮೂರೇ ವರ್ಗಗಳಿದ್ದವು. 2014ರ ನಿಯಮ ಪುಸ್ತಕದ ಹೊತ್ತಿಗೆ ಅವು 12 ಆದವು. ಹೊಸಬರು ಬಂದರೆ ಸಾಮಾನ್ಯವಾಗಿ ಯೋಧನನ್ನು ಆರಿಸಿಕೊಳ್ಳಿ ಎನ್ನುತ್ತಾರೆ, ಅವನಿಗೆ ನೆನಪಿಡಬೇಕಾದ ನಿಯಮ ಕಡಿಮೆ. ಆ ಸಲಹೆಯನ್ನು ಹಾಗೆಯೇ ತಂದು ಕೂಟದಲ್ಲಿ ಕೂರಿಸಿದರೆ ಕೆಡುತ್ತದೆ. ಮೇಜಿನ ಆಟದಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ. ಇಲ್ಲಿ ಕರ್ಣ ಸಾಯುತ್ತಾನೆ, ಸಂಧಾನ ಮುರಿಯುತ್ತದೆ ಎಂಬುದು ಜಗಲಿಯ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿರುವ ಅಜ್ಜಿಗೂ ಗೊತ್ತು. ಆಕೆ ಕಾಯುತ್ತಿರುವುದು ಯಾರ ಮಾತಿಗೆ ತೂಕ ಬರುತ್ತದೆ ಎಂದು. ಆದ್ದರಿಂದ ಪಾತ್ರದ ಶೌರ್ಯ ನೋಡಬೇಡಿ, ಅದರ ಕೈಯಲ್ಲಿರುವ ವಾದ ನೋಡಿ.

ಪುಂಡು ಪಾತ್ರಗಳ ಆಸೆ

ಹೊಸಬರಲ್ಲಿ ಹೆಚ್ಚಿನವರು ಕೇಳುವುದು ಅಭಿಮನ್ಯು, ಬಭ್ರುವಾಹನ, ಸುಧನ್ವ. ಇದು ಸಹಜ. ಪುಂಡುವೇಷಕ್ಕೆ ಹೆಸರಾದ ತೀರ್ಥಹಳ್ಳಿ ಗೋಪಾಲಾಚಾರ್ಯರಂಥ ಕಲಾವಿದರು ಇದೇ ನೆಲದ ಹೆಸರು ಹೊತ್ತವರು. ಅವರ ಆಟ ನೋಡಿ ಬೆಳೆದವನ ತಲೆಯಲ್ಲಿ ವೀರನೆಂದರೆ ಕೇದಿಗೆ ಮುಂದಲೆಯ ಹುಡುಗನೇ. ಆದರೆ ಆಟದ ಪುಂಡುವೇಷಕ್ಕೆ ಚಂಡೆ, ಗೆಜ್ಜೆ, ದಿಗಿಣ ಎಲ್ಲವೂ ಬೆನ್ನಿಗಿರುತ್ತವೆ. ಮಾತು ಎಲ್ಲಾದರೂ ಸೋತರೆ ಹೆಜ್ಜೆ ಎತ್ತಿ ನಿಲ್ಲಿಸುತ್ತದೆ. ಕೂತಲ್ಲೇ ಅಭಿಮನ್ಯುವಾದವನಿಗೆ ಆ ಆಸರೆ ಇಲ್ಲದೆ, ಉಳಿಯುವುದು ಕೂಗು ಮಾತ್ರ. ಹತ್ತು ನಿಮಿಷ ಕೂಗಿದರೆ ಗಂಟಲು ಒಡೆಯುತ್ತದೆ, ಕೇಳುವವರಿಗೆ ಬೇಸರ ಬರುತ್ತದೆ. ಮೇಜಿನ ಆಟದಲ್ಲಿ ಯೋಧ ಸುಲಭ, ಕೂಟದಲ್ಲಿ ಯೋಧನೇ ಕಷ್ಟ.

ಈ ಮೂವರೂ ಒಂದೇ ಅಳತೆಯವರಲ್ಲ. ಸುಧನ್ವನನ್ನು ಈಗ ಬಿಡಿ. ತಡವಾಗಿ ರಣಕ್ಕೆ ಬಂದು ಕಾದ ಎಣ್ಣೆಯ ಕೊಪ್ಪರಿಗೆಗೆ ಬಿದ್ದರೂ ಉಳಿದವನು, ಕೃಷ್ಣನನ್ನು ಕಾಣುವುದಕ್ಕೇ ಅರ್ಜುನನ ಮೇಲೆ ಯುದ್ಧಕ್ಕೆ ನಿಂತವನು. ಭಕ್ತಿ ಮತ್ತು ಯುದ್ಧ ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿಯುವ ಪಾತ್ರ, ವರ್ಷಗಳ ಓದು ಬೇಡುತ್ತದೆ. ಬಭ್ರುವಾಹನನ ಮೊದಲರ್ಧ ಚೆಂದ. ತಂದೆಯೆಂದು ತಿಳಿದು ಕುದುರೆ, ಕಾಣಿಕೆ ಸಮೇತ ಬಂದು ಅರ್ಜುನನ ಕಾಲಿಗೆ ಬೀಳುವ ಮಗ. ಅರ್ಜುನ ಒದ್ದು, ತಾಯಿಯ ಮೇಲೆ ಮಾತು ಹಾಕಿದ ಮೇಲೆ ವಿನಯ ಹೇಗೆ ಕೋಪವಾಗುತ್ತದೆ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಒಮ್ಮೆಗೇ ಹತ್ತಿದರೆ ಪಾತ್ರ ಬಿದ್ದುಹೋಗುತ್ತದೆ. ಎರಡನೆಯ ಮೂರನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಅಭಿಮನ್ಯು ಮಾತ್ರ ಹೊಸಬರಿಗೂ ಆದೀತು, ಪ್ರಸಂಗದ ಮೊದಲ ಭಾಗದ ಮಟ್ಟಿಗೆ. ಅರ್ಜುನ ಸಂಶಪ್ತಕರ ಕಡೆ ಹೋಗಿದ್ದಾನೆ, ಚಕ್ರವ್ಯೂಹ ಒಡೆಯುವವರಿಲ್ಲದೆ ಧರ್ಮರಾಯ ಕುಗ್ಗಿದ್ದಾನೆ, ಹುಡುಗ ಬಂದು ಅಪ್ಪಣೆ ಕೇಳುತ್ತಾನೆ. ಒಳಗೆ ಹೋಗಲು ಬಲ್ಲ, ಹೊರಗೆ ಬರಲು ಅರಿಯ. ಬೇಡುವುದು ಒಂದೇ, ಅಪ್ಪಣೆ. ಎದುರಿನ ಧರ್ಮರಾಯ ಪ್ರೀತಿಯಿಂದಲೇ ತಡೆಯುವವನು, ಮಾತಿನಲ್ಲಿ ತಿವಿಯುವವನಲ್ಲ. ಇಷ್ಟು ನಿಮ್ಮದು, ಮುಂದೆ ದ್ರೋಣ, ಕರ್ಣ, ಸೈಂಧವರ ಎದುರಿನ ಅಭಿಮನ್ಯು ಬೇರೆಯವರದ್ದು ಎಂದು ಹಂಚಿಕೊಳ್ಳಲು ಸಂಘಟಕರು ಒಪ್ಪುತ್ತಾರೆ. ಒಂದೇ ಪಾತ್ರವನ್ನು ಇಬ್ಬರು ಹೇಳುವುದು ಕೂಟದಲ್ಲಿ ಹೊಸತೇನಲ್ಲ.

ತಾರೆ

ನನ್ನನ್ನು ಕೇಳಿದರೆ ಮೊದಲ ಅರ್ಥಕ್ಕೆ ವಾಲಿವಧೆಯ ತಾರೆಗಿಂತ ಒಳ್ಳೆಯ ಪಾತ್ರವಿಲ್ಲ. ಹುಡುಗಿಯಾದರೂ ಸರಿ, ಹುಡುಗನಾದರೂ ಸರಿ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಕೂಟದವರು ಮತ್ತೆ ಮತ್ತೆ ಎತ್ತಿಕೊಳ್ಳುವುದು ಇದನ್ನು, ಹಾಗಾಗಿ ಅವಕಾಶವೂ ಬೇಗ ಸಿಗುತ್ತದೆ.

ಆಕೆಯದು ಒಂದೇ ಸನ್ನಿವೇಶ. ಆಗಷ್ಟೇ ಪೆಟ್ಟು ತಿಂದು ಓಡಿದ ಸುಗ್ರೀವ ಮತ್ತೆ ಬಂದು ಬಾಗಿಲಲ್ಲಿ ಕೂಗುತ್ತಿದ್ದಾನೆ. ವಾಲಿ ಎದ್ದು ಹೊರಟಿದ್ದಾನೆ. ತಾರೆ ತಡೆಯಬೇಕು. ಬೇಡಿಕೆ ಸ್ಪಷ್ಟ, ಎದುರಾಳಿ ಒಬ್ಬನೇ, ಪದ್ಯಗಳು ಕೆಲವೇ. ಆದರೆ ಕೈಯಲ್ಲಿರುವ ವಾದ ಮಾತ್ರ ಗಟ್ಟಿ. ವಾಲ್ಮೀಕಿಯಲ್ಲಿ ಆಕೆ ಅಳುತ್ತ ಕೂರುವುದಿಲ್ಲ, ಲೆಕ್ಕ ಹಾಕಿ ಮಾತಾಡುತ್ತಾಳೆ. ಈಗ ಸೋತವನು ಈಗಲೇ ಬಂದಿದ್ದಾನೆಂದರೆ ಅವನ ಬೆನ್ನಿಗೆ ಯಾರೋ ಇದ್ದಾರೆ. ದಶರಥನ ಮಕ್ಕಳಿಬ್ಬರು ಅವನ ಸಂಗಡ ಇದ್ದಾರೆಂದು ಅಂಗದ ಸುದ್ದಿ ತಂದಿದ್ದಾನೆ. ತಮ್ಮನಿಗೆ ಯುವರಾಜ ಪಟ್ಟ ಕಟ್ಟಿ ವೈರ ಮುಗಿಸು. ಮೂರು ಮಾತು, ಮೂರಕ್ಕೂ ಆಧಾರವಿದೆ. ಪಂಚಕನ್ಯೆಯರಲ್ಲಿ ಒಬ್ಬಳೆಂದು ಎಣಿಸಿಕೊಂಡವಳು ರಾಜನೀತಿ ಬಲ್ಲ ರಾಣಿ ಎಂಬುದನ್ನು ಮರೆಯದೆ ಹೇಳಿದರೆ ಸಾಕು. ಕಣ್ಣೀರು ಕೊನೆಗೆ ಒಂದು ಕ್ಷಣ ಬಂದರೆ ಬೆಲೆ, ಮೊದಲಿಂದಲೇ ಹರಿದರೆ ವಾದ ತೊಳೆದು ಹೋಗುತ್ತದೆ.

ವಾಲಿ ಕೇಳುವುದಿಲ್ಲ. ವೈರಿ ಕೂಗಿ ಕರೆದಾಗ ಒಳಗೆ ಕೂರುವುದು ವೀರನಿಗೆ ಸಲ್ಲದು, ರಾಮ ಧರ್ಮ ತಿಳಿದವನು, ತಪ್ಪು ಮಾಡಲಾರ ಎನ್ನುತ್ತಾನೆ. ಇಲ್ಲಿದೆ ಈ ಪಾತ್ರದ ಹಿರಿಮೆ. ಸ್ವಲ್ಪ ಹೊತ್ತಿನ ಬಳಿಕ ಬಾಣ ನೆಟ್ಟು ಬಿದ್ದ ವಾಲಿ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನಲ್ಲ, ಆ ಪ್ರಶ್ನೆಗೆ ಕಾವು ತುಂಬುವುದು ತಾರೆಯ ಎಚ್ಚರಿಕೆ. ಆಕೆ ಚೆನ್ನಾಗಿ ತಡೆದಿದ್ದರೆ ಆಮೇಲಿನ ವಾಲಿ ಎರಡರಷ್ಟು ಎತ್ತರವಾಗುತ್ತಾನೆ. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ತಾಳಮದ್ದಳೆಯನ್ನು ಪಂಡಿತರೂ ಪಾಮರರೂ ಕಿವಿಗೊಟ್ಟು ಕೇಳುವ ಕಲೆಯಾಗಿ ಬೆಳೆಸಿದವರಲ್ಲಿ ದೊಡ್ಡ ಹೆಸರು. ಅವರ ಸಾಲಿನ ಹಿರಿಯರ ಧ್ವನಿಮುದ್ರಿಕೆ ಕೇಳುವಾಗ ಅವರ ಮಾತಿನ ಜೊತೆಗೆ, ಅವರ ಎದುರು ಕೂತವರು ಎಲ್ಲಿ ಎಡೆ ಕೊಟ್ಟರು, ಎಲ್ಲಿ ತಡೆದರು ಎಂಬುದಕ್ಕೂ ಕಿವಿ ಕೊಡಿ. ತಾರೆಯಾಗುವವರಿಗೆ ಅದೇ ಪಾಠ. ಹಿರಿಯ ಅರ್ಥಧಾರಿಯೊಬ್ಬರು ವಾಲಿಯಾದರೆ ಅವರು ನಿಮ್ಮನ್ನು ಕೈ ಬಿಡುವುದಿಲ್ಲ. ಅವರಿಗೂ ಒಳ್ಳೆಯ ತಾರೆ ಬೇಕು.

ಇದೇ ಗುಣದ ಇನ್ನೂ ಕೆಲವು ಪಾತ್ರಗಳಿವೆ. ಕೃಷ್ಣಸಂಧಾನದಲ್ಲಿ ಹಸ್ತಿನಾವತಿಗೆ ಹೊರಟ ಕೃಷ್ಣನನ್ನು ತಡೆದು ಬಿಚ್ಚಿದ ಮುಡಿ ತೋರಿಸುವ ದ್ರೌಪದಿ: ಚಿಕ್ಕದು, ಆದರೆ ಬೆಂಕಿ. ಅದೇ ಪ್ರಸಂಗದ ವಿದುರ, ಸಾಧು ಸ್ವಭಾವದ, ಮೆತ್ತಗಿನ ಕಂಠದವರಿಗೆ ಹೇಳಿ ಮಾಡಿಸಿದ್ದು. ಕೃಷ್ಣ ಮನೆಗೆ ಬಂದ ಸಂಭ್ರಮ ಒಂದು, ಕೌರವನ ಸಭೆ ಎಂಥದೆಂಬ ಕಳವಳ ಒಂದು, ಇಷ್ಟೇ ಹಿಡಿದರೆ ಆಯಿತು. ರಾವಣನಿಗೆ ಬುದ್ಧಿ ಹೇಳುವ ಮಂಡೋದರಿಯೂ ಇದೇ ಸಾಲಿನವಳು. ಜೊತೆಗಾರರಿಬ್ಬರು ಒಟ್ಟಿಗೆ ಶುರುಮಾಡುವುದಿದ್ದರೆ ಲವಕುಶರನ್ನು ಕೇಳಿ. ಒಬ್ಬನಿಗೆ ತಡವರಿಸಿದರೆ ಇನ್ನೊಬ್ಬ ಎತ್ತಿಕೊಳ್ಳಬಹುದು.

ಸುಲಭವೆಂದು ಕೊಡುವ ಪಾತ್ರಗಳು

ಹೊಸಬರಿಗೆ ದೂತನನ್ನೋ ಹಾಸ್ಯದ ಬ್ರಾಹ್ಮಣನನ್ನೋ ಕೊಡುವ ರೂಢಿ ಅಲ್ಲಲ್ಲಿ ಇದೆ. ಅದು ತಪ್ಪೆಂದೇ ನನ್ನ ಅಭಿಪ್ರಾಯ. ಹಾಸ್ಯಕ್ಕೆ ಪದ್ಯದ ಆಧಾರ ಕಡಿಮೆ. ಸಭೆಯ ಉಸಿರು ನೋಡಿ ಮಾತು ಬಿಡಬೇಕು, ಎದುರಿನ ರಾಜನ ಘನತೆ ಕೆಡಿಸಬಾರದು, ನಗೆ ಬಂದ ಮೇಲೆ ನಿಲ್ಲಿಸಲೂ ಗೊತ್ತಿರಬೇಕು. ಅನುಭವಿಗಳಿಗೇ ಕೈತಪ್ಪುವ ಪಾತ್ರ ಅದು. ಮನೆಮಾತಿನ ನುಡಿ ಕೂಟದಲ್ಲಿ ಸಲ್ಲುವುದೂ ಹಾಸ್ಯಕ್ಕೆ ಮಾತ್ರ. ನಾಲ್ಕು ಜನ ನಕ್ಕರೆಂದು ಅದೇ ದಾರಿ ಹಿಡಿದವರ ಕನ್ನಡ ಮುಂದೆ ಬಿಗಿಯಾಗುವುದು ಕಷ್ಟ.

ಧರ್ಮರಾಯನೂ ಹಾಗೆಯೇ. ಶಾಂತ ಪಾತ್ರ, ಹೆಚ್ಚು ಮಾತಿಲ್ಲ ಎಂದು ಕೊಡುತ್ತಾರೆ. ಕೋಪ ಬರಬೇಕಾದಲ್ಲಿ ಕೋಪಗೊಳ್ಳದೆ, ದುರ್ಬಲನಾಗಿಯೂ ಕಾಣಿಸದೆ ಮಾತಾಡುವುದು ಎಷ್ಟು ಕಷ್ಟವೆಂದು ಕೂತ ಮೇಲೆ ತಿಳಿಯುತ್ತದೆ. ದೇವೇಂದ್ರನಂಥ ಒಡ್ಡೋಲಗದ ಪಾತ್ರಗಳಿಗೆ ಪೀಠಿಕೆಯೇ ಪ್ರಧಾನ, ಅದರ ಅಪಾಯ ಮುಂದೆ ಹೇಳುತ್ತೇನೆ. ನಾರದ ಪರವಾಗಿಲ್ಲ. ಬರುತ್ತಾನೆ, ಸುದ್ದಿ ಹೇಳುತ್ತಾನೆ, ಕಥೆಯನ್ನು ಮುಂದಕ್ಕೆ ತಳ್ಳಿ ಹೋಗುತ್ತಾನೆ. ನಾಲಗೆ ಚುರುಕಿದ್ದವರಿಗೆ ಒಪ್ಪುತ್ತದೆ.

ಕೃಷ್ಣ, ಕರ್ಣ, ಭೀಷ್ಮ, ಅಂಬೆ, ಕೌರವ, ವಾಲಿಯ ಎದುರಿನ ರಾಮ: ಇವರನ್ನು ಮೊದಲ ವರ್ಷ ಯಾರು ಕೊಟ್ಟರೂ ಕೈ ಮುಗಿದು ಬೇಡವೆನ್ನಿ. ಕೃಷ್ಣನಾದವನಿಗೆ ಎಲ್ಲರ ಕಥೆಯೂ ಗೊತ್ತಿರಬೇಕು. ಅಂಬೆ ಸಾಲ್ವನಿಂದ ಭೀಷ್ಮನ ಬಳಿಗೆ, ಅಲ್ಲಿಂದ ಪರಶುರಾಮನ ಬಳಿಗೆ ಹೋಗುತ್ತ ಮೂರು ಬೇರೆ ಬೇರೆ ವಾದ ಹೂಡುವವಳು. ನಿಮಗೆ ಅತಿ ಪ್ರೀತಿಯ ಪಾತ್ರವಿದ್ದರೆ ಅದನ್ನೂ ಈಗ ಮುಟ್ಟಬೇಡಿ. ಮೆಚ್ಚಿನ ಕಲಾವಿದರ ಮಾತು ಕಿವಿಯಲ್ಲಿ ತುಂಬಿಕೊಂಡಿರುತ್ತದೆ, ಬಾಯಿ ತೆರೆದರೆ ಅದೇ ಬರುತ್ತದೆ.

ಯಾವ ಘಟ್ಟದ ಗಾಳಿ

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳ ರುಚಿ ಒಂದೇ ಅಲ್ಲ. ಸಾಗರದಿಂದ ರಸ್ತೆ ಜೋಗದ ದಾರಿಯಾಗಿ ಹೊನ್ನಾವರಕ್ಕೆ ಇಳಿಯುತ್ತದೆ. ಅದು 1934ರಲ್ಲಿ ಹುಟ್ಟಿದ ಇಡಗುಂಜಿ ಮೇಳದ ಕೆರೆಮನೆಯವರ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಸೀಮೆ. ಹೊಸನಗರದಿಂದ ಹುಲಿಕಲ್ ಘಾಟಿ ಇಳಿದರೆ ಕುಂದಾಪುರ, ತೀರ್ಥಹಳ್ಳಿಯಿಂದ ಆಗುಂಬೆ ಇಳಿದರೆ ಉಡುಪಿ. ಮಂದಾರ್ತಿ ಮೇಳ ಹರಕೆಯಾಟಕ್ಕೆ ಘಟ್ಟ ಹತ್ತಿ ಬರುವುದು ಈ ಕಡೆಗೆ. ಎಲ್ಲವೂ ಯಕ್ಷಗಾನದ ಬಡಗು ಶೈಲಿಯೇ, ಆದರೂ ಪದ್ಯದ ನಡೆಯಲ್ಲಿ, ಯಾವ ಸನ್ನಿವೇಶ ಹಿಗ್ಗಿಸುತ್ತಾರೆ ಎಂಬುದರಲ್ಲಿ ವ್ಯತ್ಯಾಸವಿದೆ. ಸಾಗರದ ಕೂಟಕ್ಕೆ ಕುಂದಾಪುರದ ಭಾಗವತರು ಬಂದರೆ ನೀವು ಮನೆಯಲ್ಲಿ ಕೇಳಿ ಕಲಿತ ಪದ್ಯವನ್ನೇ ಅವರು ಬಿಡಬಹುದು, ನಿಮಗೆ ಗೊತ್ತಿಲ್ಲದ್ದನ್ನು ಹಿಡಿಯಬಹುದು. ಹಾಗಾಗಿ ಪಾತ್ರ ಒಪ್ಪಿಕೊಳ್ಳುವ ಮೊದಲು ಕೇಳಬೇಕಾದದ್ದು ಎರಡು: ಭಾಗವತರು ಯಾರು, ಎದುರು ಅರ್ಥ ಯಾರದು? ಪಾತ್ರದ ಹೆಸರಿಗಿಂತ ಈ ಎರಡು ಹೆಸರು ಮುಖ್ಯ. ಸಿಟ್ಟಿನ ಸ್ವಭಾವದ, ಹೊಸಬರನ್ನು ಪ್ರಶ್ನೆಯಲ್ಲಿ ಕಟ್ಟಿಹಾಕಿ ಚಪ್ಪಾಳೆ ಗಿಟ್ಟಿಸುವ ಅರ್ಥಧಾರಿ ಎದುರಿದ್ದರೆ ತಾರೆಯೂ ಕಷ್ಟವೇ. ಸಂಘಟಕರಿಗೆ ಸಂಕೋಚವಿಲ್ಲದೆ ಹೇಳಿ, ಬೇರೆ ದಿನ ಕೂರಿ.

ತಯಾರಿ

ಪ್ರಸಂಗ ಪುಸ್ತಕ ಮೊದಲು. ಈಗ ಫೋನಿನಲ್ಲೂ ಸಿಗುತ್ತದೆ. ನಿಮ್ಮ ಪದ್ಯಗಳಿಗೆ ಗುರುತು ಹಾಕಿ ಭಾಗವತರಿಗೆ ತೋರಿಸಿ. ಈಗಿನ ಮೂರು ನಾಲ್ಕು ತಾಸಿನ ಕೂಟದಲ್ಲಿ ಎಲ್ಲ ಪದ್ಯ ಹಿಡಿಯಲು ಆಗುವುದಿಲ್ಲ, ಅವರು ಬಿಡುವುದನ್ನು ಹೇಳುತ್ತಾರೆ. ಎದುರಿನವರ ಪದ್ಯಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದಿ. ನಿಮ್ಮ ಮಾತು ಹುಟ್ಟಬೇಕಾದ್ದು ಅವರ ಪದ್ಯದಿಂದ.

ಆಮೇಲೆ ಮೂಲ. ಭಾರತದ ಪ್ರಸಂಗವಾದರೆ ಕುಮಾರವ್ಯಾಸ, ರಾಮಾಯಣದ್ದಾದರೆ ತೊರವೆ, ಬಭ್ರುವಾಹನ, ಸುಧನ್ವ, ಚಂದ್ರಹಾಸರ ಕಥೆಯಾದರೆ ಲಕ್ಷ್ಮೀಶನ ಜೈಮಿನಿ ಭಾರತ. ಇಡೀ ಕಾವ್ಯ ಬೇಡ, ನಿಮ್ಮ ಸನ್ನಿವೇಶದ ಸಂಧಿ ಸಾಕು. ಓದುವುದು ಕಷ್ಟವಾದರೆ ಗಮಕ ಕೇಳಿ. ನಮ್ಮ ಜಿಲ್ಲೆಯ ಹೊಸಹಳ್ಳಿ ಗಮಕದ ಊರು, ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕಿವಿಯಿಂದ ಒಳಗಿಳಿದ ಕನ್ನಡ ಬಾಯಿಗೆ ಬೇಗ ಬರುತ್ತದೆ. ಕೂಟದಲ್ಲಿ ಇಂಗ್ಲಿಷ್ ಶಬ್ದ ನುಸುಳಬಾರದು ಎಂಬುದು ಯಕ್ಷಗಾನದ ಕಟ್ಟುನಿಟ್ಟು. ದಿನವಿಡೀ ಟೈಮು, ಪ್ರಾಬ್ಲಮ್ಮು ಎನ್ನುವ ಬಾಯಿಗೆ ಒಂದು ತಿಂಗಳಾದರೂ ಅಭ್ಯಾಸ ಬೇಕು. ಅಡಿಕೆ ಸುಲಿಯುವಾಗ, ತೋಟಕ್ಕೆ ಹೋಗುವಾಗ ನಿಮ್ಮ ವಾದವನ್ನು ಗಟ್ಟಿಯಾಗಿ ಹೇಳಿಕೊಳ್ಳಿ. ಹಾಗೆಂದು ಸಂಸ್ಕೃತ ತುಂಬಿ ಭಾರ ಮಾಡಬೇಡಿ.

ಪೀಠಿಕೆಯ ವಿಷಯ ಹೇಳುತ್ತೇನೆಂದೆ. ಪಾತ್ರ ಪ್ರವೇಶಿಸಿದಾಗ ತನ್ನ ಹಿನ್ನೆಲೆ, ಈಗಿನ ಮನಸ್ಥಿತಿ ಹೇಳಿಕೊಳ್ಳುವ ಮಾತು ಅದು. ಹೊಸಬರು ಯಾವುದೋ ಧ್ವನಿಮುದ್ರಿಕೆಯಿಂದ ಇಪ್ಪತ್ತು ನಿಮಿಷದ ಪೀಠಿಕೆ ಬಾಯಿಪಾಠ ಮಾಡಿ ಬರುತ್ತಾರೆ. ಅದು ನಿರರ್ಗಳವಾಗಿ ಹರಿಯುತ್ತದೆ, ಸಭೆ ತಲೆದೂಗುತ್ತದೆ. ಅಷ್ಟರಲ್ಲಿ ಎದುರಿನವರು ಒಂದು ಸಣ್ಣ ಪ್ರಶ್ನೆ ಹಾಕುತ್ತಾರೆ, ಬಾಯಿಪಾಠದಲ್ಲಿ ಅದಕ್ಕೆ ಉತ್ತರವಿರುವುದಿಲ್ಲ. ಪೀಠಿಕೆ ಮೂರು ನಿಮಿಷ ಮೀರದಿರಲಿ, ನಿಮ್ಮ ಸ್ವಂತ ಮಾತಿನದಾಗಿರಲಿ. ಉಳಿದ ಶ್ರಮವನ್ನು ಪ್ರಶ್ನೆಗಳ ಮೇಲೆ ಹಾಕಿ. ಸ್ನೇಹಿತರೊಬ್ಬರನ್ನು ವಾಲಿಯಾಗಿ ಕೂರಿಸಿಕೊಂಡು, ಏನು ಬೇಕಾದರೂ ಕೇಳು ಎನ್ನಿ. ಹೆಣ್ಣಿಗೆ ರಣದ ಮಾತೇಕೆ ಎಂದು ವಾಲಿ ಕೇಳಿದರೆ ಏನನ್ನುತ್ತೀರಿ? ಸುಗ್ರೀವನ ಮೇಲೆ ನಿನಗೇಕೆ ಕನಿಕರ ಎಂದರೆ? ಉತ್ತರ ಬರೆದಿಟ್ಟುಕೊಳ್ಳಬೇಡಿ, ಹೇಳಿ ಹೇಳಿ ನೋಡಿ.

ಸಾಧ್ಯವಾದರೆ ಹಿಂದಿನ ದಿನ ಎದುರು ಅರ್ಥದವರನ್ನು ಕಂಡು ಮಾತಾಡಿ. ಎಲ್ಲಿ ಬಿಗಿಯಬೇಕು, ಎಲ್ಲಿ ಬಿಡಬೇಕು ಎಂದು ಹಿರಿಯರು ಸಂತೋಷದಿಂದ ಹೇಳಿಕೊಡುತ್ತಾರೆ. ಕೂಟದ ಹೊತ್ತಿಗೆ ಹೊಟ್ಟೆ ತುಂಬ ಉಣ್ಣಬೇಡಿ, ಬಿಸಿನೀರು ಹತ್ತಿರವಿರಲಿ. ಧ್ವನಿವರ್ಧಕವಿದ್ದಲ್ಲಿ ಕೂಗುವ ಅಗತ್ಯವಿಲ್ಲ. ಸಭೆಯನ್ನು ನೋಡಿ ಮಾತಾಡಬೇಡಿ, ವಾಲಿಯನ್ನು ನೋಡಿ ಮಾತಾಡಿ. ಭಾಗವತರು ತಾಳ ಕೈಗೆತ್ತಿಕೊಂಡರೆಂದರೆ ಮಾತು ಸಾಕೆಂಬ ಸೂಚನೆ. ನಡೆಯುತ್ತಿರುವ ವಾಕ್ಯ ಮುಗಿಸಿ ಮುಂದಿನ ಪದ್ಯಕ್ಕೆ ಎಡೆ ಮಾಡಿಕೊಡಿ. ನೆನಪಿಟ್ಟ ಒಳ್ಳೆಯ ಮಾತೊಂದು ಉಳಿದುಹೋದರೂ ಸರಿಯೇ, ಪದ್ಯದ ಮೇಲೆ ಮಾತು ಹೇರಬಾರದು.

ಕೂಟ ಮುಗಿದ ಮೇಲೆ ಭಾಗವತರನ್ನೂ ಮದ್ದಳೆಯವರನ್ನೂ ಕೇಳಿ. ಚಪ್ಪಾಳೆ ಹೊಡೆದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಎಲ್ಲಿ ಎಳೆದಿರಿ, ಎಲ್ಲಿ ಅವಸರ ಮಾಡಿದಿರಿ ಎಂದು. ಮುಂದಿನ ಪಾತ್ರಕ್ಕೆ ಆತುರ ಬೇಡ. ಅದೇ ತಾರೆಯನ್ನು ಬೇರೆ ವಾಲಿಗಳ ಎದುರು ಮತ್ತೆ ಮತ್ತೆ ಹೇಳಿ. ಪ್ರತಿ ವಾಲಿಯೂ ಬೇರೆ ಪ್ರಶ್ನೆ ತರುತ್ತಾನೆ. ಆಮೇಲೆ ರಾವಣನ ಸಭೆಗೆ ಒಬ್ಬನೇ ಹೋಗುವ ಅಂಗದನನ್ನು ಕೇಳಿಕೊಳ್ಳಿ. ನಿನ್ನ ತಂದೆಯನ್ನು ಕೊಂದವನ ದೂತನಾಗಿ ಬಂದೆಯಾ ಎಂದು ರಾವಣ ಚುಚ್ಚುವಾಗ, ತಾಯಿ ತಾರೆಯ ವಾದವನ್ನು ಬಲ್ಲ ಅಂಗದನ ಬಳಿ ಹೇಳಲು ಬಹಳಷ್ಟು ಇರುತ್ತದೆ.